ಗೊರಾಯಿ ಖಾಡಿಯ ಕೆಸರು ಮತ್ತು ನನ್ನ ತವರಿನ ಟ್ರಂಕು

ದೋಣಿಯೆಂದರೆ ನನಗೆ ಮೊದಲಿನಿಂದಲೂ ಹೇಸಿಗೆ. ಇದನ್ನು ಮುಚ್ಚಿಟ್ಟುಕೊಂಡು ಬರೆಯಲು ಕೂತರೆ ಮುಂದಿನದೆಲ್ಲ ಸುಳ್ಳಾಗುತ್ತದೆ. ನಾನು ಧಾರವಾಡದ ಕಡೆಯವಳು. ಮನೆಯೊಳಗೆ ಮೊಟ್ಟೆಯ ಸಿಪ್ಪೆಯೂ ಬಾರದ ಮನೆತನ ನಮ್ಮದು. ಹೊಳೆಯ ಮೀನನ್ನೂ ಹತ್ತಿರದಿಂದ ನೋಡದ ನಾನು ಉಡುಪಿ ಕಡೆಯ, ಕಡಲ ದಂಡೆಯ ಮೀನುಗಾರರ ಮನೆಯ ಹುಡುಗನನ್ನು ಮದುವೆಯಾದೆ. ಅವರು ಆಗ ಗ್ರಾಂಟ್ ರೋಡಿನ ಒಂದು ಶಾಕಾಹಾರಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು, ನಾನು ಎದುರಿನ ಕಟ್ಟಡದ ಆಫೀಸಿನಲ್ಲಿ ಟೈಪಿಸ್ಟ್. ಅವರ ಅಂಗಿಗೆ ಆಗ ಸಾಂಬಾರಿನ ವಾಸನೆ ಇರುತ್ತಿತ್ತು. ಆ ವಾಸನೆಯನ್ನು ನಂಬಿ ಮೋಸಹೋದೆ ಎಂದು ನಾನು ನೆಂಟರೆದುರು ತಮಾಷೆ ಮಾಡುವುದಿತ್ತು.

ಅವರು ನಿವೃತ್ತರಾಗುವ ತನಕ ಸಂಸಾರ ಒಂದು ಒಪ್ಪಂದದ ಮೇಲೆ ನಡೆಯಿತು. ಮೀನು ತಿನ್ನುವುದಿದ್ದರೆ ಹೊರಗೆ, ಮನೆಯೊಳಗೆ ಹೆಸರೂ ಇಲ್ಲ. ನಿವೃತ್ತರಾದ ಮೇಲೆ ಮನುಷ್ಯನಿಗೆ ಏನು ಹೊಕ್ಕಿತೋ, ಬೊರಿವಲಿಯ ನಮ್ಮ ಮನೆಯಿಂದ ಆಟೋದಲ್ಲಿ ಹೋಗುವಷ್ಟು ದೂರದ ಗೊರಾಯಿ ಖಾಡಿಯಲ್ಲಿ, ಇಲ್ಲಿಯ ಮೂಲ ಬೆಸ್ತರಾದ ಕೋಳಿ ಜನಾಂಗದ ಒಬ್ಬ ಮೀನುಗಾರನಿಂದ ಹಳೆಯ ಮರದ ದೋಣಿ ಕೊಂಡು ಬಂದರು. ಖಾಡಿ ಅಂದರೆ ಕಡಲು ಊರೊಳಗೆ ನುಗ್ಗಿ ಮಲಗಿದ ಜಾಗ. ನೀರು ಇಳಿದಾಗ ಅಲ್ಲಿ ಉಳಿಯುವುದು ಬರೀ ಕಪ್ಪು ಕೆಸರು, ಅದರಲ್ಲಿ ಸಿಕ್ಕಿಕೊಂಡ ಊರಿನ ಕಸ. ಅಂಥಲ್ಲಿ ಈ ಮನುಷ್ಯ ವಾರಕ್ಕೆ ನಾಲ್ಕು ದಿನ ಗಾಳ ಹಾಕಿಕೊಂಡು ಕೂರುತ್ತಿದ್ದರು. ಸಿಕ್ಕಿದ್ದನ್ನು ಅಲ್ಲಿಯೇ ಹಂಚಿ ಬರುತ್ತಿದ್ದರು, ಮನೆಗೆ ಒಂದು ಮುಳ್ಳೂ ತಂದವರಲ್ಲ. ಆದರೂ ವಾಸನೆ ಬರುತ್ತಿತ್ತು. ಬರುತ್ತಿತ್ತೋ, ನನ್ನ ಮೂಗೇ ಹುಡುಕಿಕೊಂಡು ಹೋಗುತ್ತಿತ್ತೋ, ಈಗ ಖಚಿತವಾಗಿ ಹೇಳಲಾರೆ. ಅವರು ಚಪ್ಪಲಿ ಬಿಡುವ ಮೊದಲೇ ನಾನು ಮೂಗು ಮುರಿದಾಗಿರುತ್ತಿತ್ತು.

“ಬಂತ್ ನೋಡ್ರಿ ಖಾಡಿ ಮನಿಗೆ,” ಅನ್ನುತ್ತಿದ್ದೆ.

“ಆಯ್ತು ಮಾರಾಯ್ತಿ, ಸ್ನಾನ ಮಾಡಿಯೇ ಒಳಗೆ ಬರ್ತೇನೆ,” ಎಂದು ಅವರು ನಗುತ್ತ ಬಚ್ಚಲಿಗೆ ನಡೆಯುತ್ತಿದ್ದರು.

ಹೀಗಿರುವಾಗ ನಮ್ಮ ಬಿಲ್ಡಿಂಗನ್ನು ಕೆಡವಿ ಹೊಸದಾಗಿ ಕಟ್ಟುವುದೆಂದಾಯಿತು. ಮೂವತ್ತು ವರ್ಷ ತುಂಬಿಸಿಟ್ಟ ಮನೆಯನ್ನು ಬರಿದು ಮಾಡಿ, ಅದೇ ಬೊರಿವಲಿಯ ಇನ್ನೊಂದು ಗಲ್ಲಿಯಲ್ಲಿ ಒಂದು ರೂಮು ಒಂದು ಅಡುಗೆಮನೆಯ ಬಾಡಿಗೆ ಮನೆಗೆ ಹೋದೆವು. ಕಪಾಟು ಇಟ್ಟರೆ ಮಂಚವಿಲ್ಲ, ಮಂಚ ಇಟ್ಟರೆ ನಿಲ್ಲಲು ಜಾಗವಿಲ್ಲ. ಮೇಲಿಂದ ಗೋಡೆಗೆಲ್ಲ ತೇವ. ಎಷ್ಟೋ ಸಾಮಾನು ಗುಜರಿ ಕೊಳ್ಳುವ ಭಂಗಾರಿನವನಿಗೆ ಹೋಯಿತು. ನಾನು ಬಿಡಲಾರದೆ ಹಿಡಿದುಕೊಂಡದ್ದು ಒಂದೇ, ನನ್ನ ತವರಿನ ಕಬ್ಬಿಣದ ಟ್ರಂಕು.

ಅದರೊಳಗೆ ನನ್ನವ್ವನ ಕಸೂತಿ ಇತ್ತು. ಇಳಕಲ್ ಸೀರೆಗಳ ಮೇಲೆ ಅವಳು ಎಳೆ ಎಣಿಸಿ ಎಣಿಸಿ ತೆಗೆದ ಗೋಪುರ, ಅಂಬಾರಿ, ತುಳಸಿಕಟ್ಟೆ. ಕಸೂತಿಗೆ ಪೆನ್ಸಿಲಿನ ಗೆರೆಯಿಲ್ಲ. ಬಟ್ಟೆಯ ಎಳೆಯನ್ನು ಕಣ್ಣಲ್ಲೇ ಎಣಿಸಬೇಕು, ಗಂಟು ಹಾಕುವಂತಿಲ್ಲ, ಹಿಂದೆ ಮುಂದೆ ಎರಡೂ ಕಡೆ ಒಂದೇ ತರಹ ಕಾಣಬೇಕು. ಯಾರಾದರೂ ತಮ್ಮ ಕೆಲಸ ತೋರಿಸಲು ತಂದರೆ ಅವ್ವ ಮೊದಲು ಅದನ್ನು ಮಗುಚಿ ಹಾಕಿಯೇ ನೋಡುತ್ತಿದ್ದಳು. ಕಡೆಗೆ ಹಿಡಿದದ್ದು ಒಂದು ಕರಿಯ ಚಂದ್ರಕಾಳಿ ಸೀರೆ. ಸೆರಗು ಅರ್ಧವಾಗುವ ಹೊತ್ತಿಗೆ ಅವಳ ಕಣ್ಣು ಮಂಜಾಯಿತು. “ಉಳಿದದ್ದು ನೀ ಮುಗಸವಾ,” ಎಂದು ಸೂಜಿ ಚುಚ್ಚಿದ ಹಾಗೆಯೇ ನನ್ನ ಕೈಗೆ ಕೊಟ್ಟಳು. ಆಫೀಸು, ಲೋಕಲ್ ಟ್ರೇನು, ಅಡುಗೆ ಇವುಗಳ ನಡುವೆ ನಾನು ವರ್ಷಕ್ಕೆ ಗೇಣಷ್ಟೂ ಮುಗಿಸಲಿಲ್ಲ. ಆದರೂ ಮುಗಿಸುತ್ತೇನೆ ಎಂದುಕೊಂಡೇ ಇದ್ದೆ. ಆ ಸೀರೆ ಮುಗಿಯದೆ ಇರುವ ತನಕ ಅವ್ವನ ಕೆಲಸವೂ ನಿಂತಿಲ್ಲ ಎಂಬ ಒಂದು ಹುಚ್ಚು ನಂಬಿಕೆ ನನಗಿತ್ತು.

ತೇವದ ಮನೆಯಲ್ಲಿ ಅದನ್ನು ಇಡುವ ಮಾತೇ ಇರಲಿಲ್ಲ. ಆಂಟಾಪ್ ಹಿಲ್‌ನಲ್ಲಿ ನನ್ನ ಅಣ್ಣನ ಮನೆ. ತವರೆಂದು ನನಗೆ ಉಳಿದಿರುವುದು ಅದೊಂದೇ. ನನ್ನ ಮದುವೆಯಾದ ಮೇಲೆ ಎಂಟು ವರ್ಷ ಮಾತು ಬಿಟ್ಟಿದ್ದವನು ಆಮೇಲೆ ತಾನಾಗಿಯೇ ಬಂದಿದ್ದ. ಎರಡು ರೂಮಿನ ಒಣ ಮನೆ, ಮೂರನೆಯ ಮಾಳಿಗೆ. ಅಣ್ಣನಿಗೆ ಫೋನ್ ಮಾಡಿದೆ. ಆಯಿತು ಕಳಿಸು ಎಂದ. ನನಗೆ ಮೊಣಕಾಲು ನೋವು, ಮೆಟ್ಟಿಲು ಹತ್ತಲಾಗದು. ಮನೆಯವರೇ ಟೆಂಪೋದಲ್ಲಿ ಟ್ರಂಕು ಒಯ್ದರು. ಸಂಜೆ ತಡವಾಗಿ ಬಂದವರು ಬಿಸಿನೀರು ಕೇಳಿ ಕುಡಿದು, “ಇಟ್ಟು ಬಂದೆ. ಒಣ ಜಾಗ ಉಂಟು, ಹೆದರ್ಬೇಡ,” ಎಂದರು. ಮಾರನೆಯ ದಿನ ಅಣ್ಣನಿಗೆ ಫೋನ್ ಮಾಡಿ, “ನಿಮಗ ತ್ರಾಸ ಕೊಟ್ಟೆ,” ಎಂದೆ. “ಇರ್ಲಿ ಬಿಡವಾ,” ಎಂದು ಅವನು ನೀರಿನ ಟ್ಯಾಂಕರಿನ ಮಾತೆತ್ತಿದ. ಅಲ್ಲಿಗೆ ನಾನು ನಿಶ್ಚಿಂತಳಾದೆ. ಅಷ್ಟೇ ಅಲ್ಲ, ಆಮೇಲೆ ಮನೆಯಲ್ಲಿ ಮಾತು ಬಂದಾಗಲೆಲ್ಲ, ಕಷ್ಟಕ್ಕೆ ಆಗುವವರು ನಮ್ಮ ಕಡೆಯವರೇ ಎಂದು ಇವರೆದುರು ಎತ್ತಿ ಆಡಿದೆ. ಇವರು ಪೇಪರ್ ಮಡಚಿಟ್ಟು ಖಾಡಿಗೆ ಹೊರಡುತ್ತಿದ್ದರು.

ಚಂಡಮಾರುತ ಬಂದದ್ದು ಮೇ ತಿಂಗಳಲ್ಲಿ, ಮಳೆಗಾಲಕ್ಕೆ ಮೊದಲೇ. ದೋಣಿಗಳನ್ನು ಇನ್ನೂ ದಡಕ್ಕೆ ಎಳೆದು ಹಾಕಿರಲಿಲ್ಲ. ಮುಂಚಿನ ದಿನವೇ ಇವರು ಹೋಗಿ ದೋಣಿಗೆ ಹಗ್ಗ ಬಿಗಿದು ಬಂದಿದ್ದರು. ಬೆಳಿಗ್ಗೆ ಮತ್ತೆ ಹೊರಟರು. ಗಾಳಿಗೆ ಕಿಟಕಿಯ ಗಾಜು ನಡುಗುತ್ತಿತ್ತು.

“ಆ ಕಟ್ಟಿಗಿ ಸಲುವಾಗಿ ಜೀವಾ ಕಳ್ಕೋತೀರೇನು?” ಎಂದು ಕೂಗಿದೆ.

“ಒಮ್ಮೆ ನೋಡಿ ಬರುದು, ಅಷ್ಟೇ,” ಎಂದು ಹೋದವರ ಫೋನು ದಿನವಿಡೀ ಹತ್ತಲಿಲ್ಲ. ಹೊತ್ತು ಮುಳುಗುವಾಗ ಬಂದರು. ಸೊಂಟದ ತನಕ ಕೆಸರು, ಒಂದು ಕಾಲಲ್ಲಿ ಚಪ್ಪಲಿಯಿಲ್ಲ, ಅದೇ ಪಾದ ಸೀಳಿ ರಕ್ತ. ಬಾಗಿಲ ಹೊರಗೇ ನಿಂತು, “ದೋಣಿ ಹೋಯ್ತು,” ಎಂದರು.

“ಚಲೋ ಆತು. ಪೀಡಾ ಹೋತು,” ಎಂದೆ ನಾನು. ದಿನವೆಲ್ಲ ಹೆದರಿದ್ದಕ್ಕೆ ಬಂದ ಸಿಟ್ಟು ಅದು ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಿಟ್ಟಿನ ಜೊತೆ ಸ್ವಲ್ಪ ಖುಷಿಯೂ ಇತ್ತು.

ಮೂರನೆಯ ದಿನ ಅವರು, “ನೀನೂ ಒಮ್ಮೆ ಖಾಡಿಗೆ ಬಾ,” ಎಂದರು. ನಾನ್ಯಾಕೆ ಬರಲಿ ಎಂದೆ. ಉತ್ತರ ಕೊಡದೆ ಆಟೋ ಕರೆದರು. ಆಟೋದಲ್ಲಿ ಕೂತು ಅರ್ಧ ದಾರಿ ಕಳೆದ ಮೇಲೆ, ರಸ್ತೆಯನ್ನೇ ನೋಡುತ್ತ ಹೇಳಿದರು.

“ನಿನ್ನ ಟ್ರಂಕ್ ಅಲ್ಲಿ ಉಂಟು. ದೋಣಿ ಕೊಟ್ಟವರ ಶೆಡ್ಡಿನಲ್ಲಿ. ಅಣ್ಣನ ಮನೆಯಲ್ಲಿ ಇಟ್ಟಿರ್ಲಿಲ್ಲ ನಾನು.”

ಮೊದಲು ನನಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಇನ್ನೂ ಜೋರಾಗಿ ಓಡಿಸು ಎಂದು ಆಟೋದವನಿಗೆ ಹೇಳಿದೆ.

ಖಾಡಿಯ ದಂಡೆಯಲ್ಲಿ ಇಳಿದೆವು. ಈ ಮಹಾನಗರ ಎಷ್ಟೋ ವರ್ಷಗಳಿಂದ ಕದ್ದು ಎಸೆದದ್ದನ್ನೆಲ್ಲ ಕಡಲು ಒಂದೇ ದಿನ ತಿರುಗಿ ಕಾರಿಹಾಕಿತ್ತು. ಪ್ಲಾಸ್ಟಿಕ್ ಚೀಲ, ಥರ್ಮಾಕೋಲು, ಮಕ್ಕಳ ಹೇಲು ಮೆತ್ತಿದ ಡೈಪರು, ಸತ್ತ ಹಂದಿ, ಹಿಂದಿನ ವರ್ಷ ಮುಳುಗಿಸಿದ ಗಣಪತಿಯ ಒಂದು ಕೈ. ಎಲ್ಲದರ ಮೇಲೆ ಗಂಜಿಯ ಕೆನೆಯಂತೆ ಕಪ್ಪು ಕೆಸರು. ಅದರ ನಡುವೆ ಇಬ್ಬರು ಹುಡುಗಿಯರು ಶೂಗಳಿಗೆ ಕವರು ಕಟ್ಟಿಕೊಂಡು, ಮುರಿದ ದೋಣಿಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಷ್ಟದ ಪಂಚನಾಮೆ ಬರೆಯಲು ಬಂದ ಗುಮಾಸ್ತನೊಬ್ಬ ಕರ್ಚೀಫಿನ ಒಳಗಿಂದಲೇ ಇವರನ್ನು ಪ್ರಶ್ನೆ ಕೇಳಿದ. ನಿಮ್ಮದು ಮೀನುಗಾರಿಕೆ ಧಂದೆಯಾ? ಅಲ್ಲ. ಹಾಗಾದರೆ ದೋಣಿ ಯಾಕೆ? ಶೌಕ್, ಅಂದರೆ ಶೋಕಿಗೆ, ಎಂದು ಅವನೇ ಉತ್ತರ ಹೇಳಿ, ಬರೆದದ್ದರ ಮೇಲೆ ಗೀಟು ಎಳೆದು ಮುಂದೆ ನಡೆದ. ನನಗೆ ಅವನ ಕರ್ಚೀಫನ್ನು ಕಿತ್ತು ಕೆಸರಿಗೆ ಅದ್ದಬೇಕು ಅನ್ನಿಸಿತು. ಆದರೆ ನಾನೂ ಸೆರಗಿನಿಂದ ಮೂಗು ಮುಚ್ಚಿಕೊಂಡೇ ನಿಂತಿದ್ದೆ.

ದೋಣಿಯನ್ನು ಎಳೆದು ಹಾಕಿದ್ದರು. ಹಲಗೆ ಬಿಚ್ಚಿ, ಹೊಟ್ಟೆ ಒಡೆದು ಮಗ್ಗುಲಾಗಿ ಬಿದ್ದಿತ್ತು. ಎರಡೂ ತುದಿಗೆ ಇವರು ಬಿಗಿದ ಹಗ್ಗ ಮಾತ್ರ ಗಟ್ಟಿಯಾಗಿಯೇ ಇತ್ತು. ಸುತ್ತಲಿನ ಎಷ್ಟೋ ದೋಣಿಗಳು ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಪೊದೆಗಳ ಮೇಲೆ ಹತ್ತಿ ಕೂತಿದ್ದವು, ಆದರೆ ಇಡಿಯಾಗಿದ್ದವು. ದೋಣಿ ಮಾರಿದ್ದ ಕೋಳಿ ಮುದುಕ ಅದನ್ನು ನನಗೆ ತೋರಿಸಿ ಹಿಂದಿಯಲ್ಲಿ ಹೇಳಿದ. ಹಗ್ಗ ಸಡಿಲ ಬಿಡು ಎಂದು ಎರಡು ಸಲ ಹೇಳಿದ್ದೆ, ಕೇಳಲಿಲ್ಲ. ಇವರ ಊರಿನ ಹೊಳೆಬಾಯಲ್ಲಿ ನೀರು ಏರುವುದೇ ಆಳಿನ ಸೊಂಟದಷ್ಟಂತೆ. ಬಿರುಗಾಳಿಗೆ ಅಲ್ಲಿ ಗಿಡ್ಡ ಹಗ್ಗ ಕಟ್ಟುತ್ತಾರೆ, ದೋಣಿ ತಿರುಗಿ ಪಕ್ಕದ ದೋಣಿಗೆ ಬಡಿಯದಿರಲಿ ಎಂದು. ಇಲ್ಲಿ ನೀರು ಬರೀ ಉಬ್ಬರಕ್ಕೇ ಎರಡು ಆಳು ಏರುತ್ತದೆ; ಇವರ ಹಗ್ಗ ಅಷ್ಟಕ್ಕೇ ಸರಿಯಾಗಿತ್ತು, ಬಿರುಗಾಳಿ ತಂದ ನೀರಿಗೆ ಸಾಲಲಿಲ್ಲ. ಗಿಡ್ಡ ಹಗ್ಗದ ದೋಣಿ ಮೇಲೇಳಲಾಗದೆ ಇದ್ದಲ್ಲೇ ನೀರು ಕುಡಿಯಿತು. ಇವರು ತಲೆಯಾಡಿಸಿ, “ಅಪ್ಪ ಹಾಗೆ ಕಟ್ತಿದ್ರು,” ಎಂದರು. ಅಪ್ಪನ ಹಗ್ಗ ನಂಬಿ ದೋಣಿ ಮುಳುಗಿಸಿದಿರಿ, ಈ ಶೆಡ್ಡು ನಂಬಿ ನನ್ನ ಅವ್ವನನ್ನು ಮುಳುಗಿಸಿದಿರಿ ಎಂದು ನಾನು ಅಲ್ಲಿಯೇ, ಎಲ್ಲರೆದುರಿಗೆ, ಅಂದೆ.

ಶೆಡ್ಡಿನ ತಗಡು ಹಾರಿಹೋಗಿತ್ತು. ಟ್ರಂಕು ಕೆಸರಿನಲ್ಲಿ ಅರ್ಧ ಹೂತಿತ್ತು. ಮುಚ್ಚಳ ಎಬ್ಬಿಸಿದಾಗ ಮೊದಲು ಹೊರಬಂದದ್ದು ಒಂದು ಏಡಿ. ಸೀರೆಗಳು ಒಂದಕ್ಕೊಂದು ಅಂಟಿ ಹೆಂಟೆಯಾಗಿದ್ದವು. ಚಂದ್ರಕಾಳಿಯ ಸೆರಗು ಹಿಡಿದೆತ್ತಿದೆ, ಮಡಿಕೆಯ ಗುಂಟ ಹರಿದು ಅರ್ಧ ಕೈಗೆ ಬಂತು. ನನ್ನ ಕೆಂಪು ದಾರ ಬಣ್ಣ ಬಿಟ್ಟು ಅವ್ವನ ಬಿಳಿ ಗೋಪುರಗಳ ಮೇಲೆಲ್ಲ ಹರಿದಿತ್ತು. ಇವರು ಇನ್ನೊಂದು ತುದಿ ಹಿಡಿಯಲು ಬಂದರು.

“ನೀವ್ ಕೈ ಹಚ್ಚಬ್ಯಾಡ್ರಿ,” ಎಂದೆ.

ಮನೆಗೆ ತಂದು ನಾಲ್ಕು ದಿನ ತೊಳೆದೆ. ಸೋಪಿನ ಪುಡಿ, ನಿಂಬೆಹಣ್ಣು, ಸೀಗೆಕಾಯಿ. ಬಚ್ಚಲು ನಾರಿತು, ನನ್ನ ಕೈ ನಾರಿತು, ಮಾಡಿದ ಅನ್ನ ನಾರಿತು. ಐದನೆಯ ದಿನ ಎಲ್ಲವನ್ನೂ ಒಂದು ದೊಡ್ಡ ಚೀಲಕ್ಕೆ ತುಂಬಿ ಕಸದ ಗಾಡಿಗೆ ಹಾಕಿಸಿದೆ. ಮನಸ್ಸು ಹೇಸಿಹೋಗಿತ್ತು. ಅವ್ವನ ಕೈಕೆಲಸದ ಬಗ್ಗೆಯೇ ಹೇಸಿಕೊಳ್ಳುವ ಹಾಗೆ ಮಾಡಿದರಲ್ಲ ಎಂಬ ಹೊಟ್ಟೆಯುರಿ ಎಲ್ಲಕ್ಕಿಂತ ಹೆಚ್ಚಾಗಿತ್ತು.

ಅಣ್ಣನ ಮನೆಗೆ ಟ್ರಂಕು ಯಾಕೆ ಒಯ್ಯಲಿಲ್ಲ ಎಂದು ಇವರನ್ನು ಎಷ್ಟು ವಿಧದಲ್ಲಿ ಕೇಳಿದರೂ, “ನನಗೆ ಸರಿ ಕಾಣ್ಲಿಲ್ಲ, ಇಲ್ಲಿ ಇಟ್ಟೆ,” ಎಂಬುದೊಂದೇ ಉತ್ತರ. ಹಳೆಯ ಎಂಟು ವರ್ಷದ ಸೇಡು ತೀರಿಸಿಕೊಂಡರೆಂದು ನಾನು ತೀರ್ಮಾನಿಸಿದೆ. ಅಣ್ಣನಿಗೆ ಫೋನ್ ಮಾಡಿದರೆ, “ಅವರಽ ವಾಪಸ್ ಒಯ್ದ್ರವಾ. ನಾ ಏನ್ ಮಾಡ್ಲಿ?” ಎಂದ. ರವಿವಾರ ಸೇಬುಹಣ್ಣು ಹಿಡಿದು ಮನೆಗೇ ಬಂದ. ಕಾಲಿಗೆ ಪಟ್ಟಿ ಕಟ್ಟಿಕೊಂಡು ಜ್ವರದಲ್ಲಿ ಮಲಗಿದ್ದ ಇವರ ಎದುರಿಗೇ ಕೂತು, ನಿಟ್ಟುಸಿರು ಬಿಟ್ಟು, “ನಮ್ಮನ್ಯಾಗ ಇದ್ದಿದ್ರ ಉಳೀತಿತ್ತು ನೋಡು,” ಎಂದ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ಹೌದೆಂದೆ. ಇವರು ಗೋಡೆಯ ಕಡೆಗೆ ತಿರುಗಿ ಮಲಗಿದರು.

ಶೆಡ್ಡಿನವರು ಟ್ರಂಕನ್ನು ಎತ್ತಿಕೊಂಡು ಹೋಗಿ ಎಂದು ಹೇಳಿ ಕಳಿಸಿದರು. ಇವರ ಕಾಲು ಕೀವು ತುಂಬಿತ್ತು, ಹಾಗಾಗಿ ನಾನೇ ಭಂಗಾರಿನವನನ್ನು ಕರೆದುಕೊಂಡು ಹೋದೆ. ಶೆಡ್ಡಿನಲ್ಲಿದ್ದವಳು ಆ ಕೋಳಿ ಮುದುಕನ ಹೆಂಡತಿ. ನನ್ನನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ ಬೈಯಲು ಶುರು ಮಾಡಿದಳು.

“ಭಾಭಿ, ಅವತ್ತು ಜನರೆದುರು ಅವರಿಗೆ ಹಾಗೆ ಅಂದೆಯಲ್ಲ. ಹಗ್ಗ ಬಿಚ್ಚಲು ಅವರಿಗೆ ಹೊತ್ತಿತ್ತು. ಬಿಚ್ಚು, ಬಿಚ್ಚು ಎಂದು ನನ್ನ ಗಂಡ ಬಡಕೊಂಡ. ಅಷ್ಟರಲ್ಲಿ ಶೆಡ್ಡಿಗೆ ನೀರು ನುಗ್ಗಿತು. ದೋಣಿ ಬಿಟ್ಟು ಇಲ್ಲಿಗೆ ಓಡಿ ಬಂದರು. ಆ ಹಾಳು ಪೆಟ್ಟಿಗೆಯನ್ನು ತಲೆ ಮೇಲೆ ಹೊತ್ತು ಈ ನೀರಿನಲ್ಲಿ ನಿಂತಿದ್ದರು. ಎಷ್ಟು ಹೊತ್ತು ಅಂತೀ? ತಗಡು ಬಂದು ಕಾಲಿಗೆ ಬಡಿಯುವ ತನಕ.”

ಸಿಕ್ಕಿದ್ದೇ ಸಾಕೆಂದು ನನ್ನ ಹಳೆಯ ಸಿಟ್ಟನ್ನೇ ಮುಂದೆ ಮಾಡಿದೆ. ಇಲ್ಲಿ ತಂದು ಇಟ್ಟದ್ದೇ ಯಾಕೆ, ನನ್ನ ಅಣ್ಣನ ಮನೆಯಿತ್ತಲ್ಲ ಎಂದೆ.

ಅವಳು ನಕ್ಕಳು. “ನಿನಗೆ ಗೊತ್ತಿಲ್ಲವಾ? ನಿನ್ನ ಅಣ್ಣನ ಮನೆಯ ಬಾಗಿಲಲ್ಲೇ ನಿಲ್ಲಿಸಿದರಂತೆ. ಮೀನು ನಾರುವ ಪೆಟ್ಟಿಗೆ ದೇವರಿರುವ ಮನೆಗೆ ಬೇಡವಂತೆ. ಟೆಂಪೋ ಸೀದಾ ಇಲ್ಲಿಗೆ ಬಂತು. ಹಾಗಾದರೆ ನಮ್ಮಲ್ಲೇ ಇಡು, ನಮಗೆ ಆ ವಾಸನೆ ರೂಢಿ ಎಂದೆ ನಾನು. ಹೆಂಡತಿಗೆ ಹೇಳಬೇಡಿ, ಅವಳಿಗಿರುವುದು ಒಬ್ಬನೇ ಅಣ್ಣ ಎಂದರು.”

ಟ್ರಂಕನ್ನು ಭಂಗಾರಿನವನಿಗೆ ಬಿಟ್ಟು ಹೊರಟೆ, ಮನೆಗೆ ಹೋಗಲಿಲ್ಲ. ಸ್ಟೇಷನ್ನಿಗೆ ಬಂದು ದಾದರಿನ ಲೋಕಲ್ ಹಿಡಿದೆ, ಅಲ್ಲಿಂದ ಅಣ್ಣನ ಮನೆಗೆ ಬಸ್ಸು. ಮೊಣಕಾಲು ಬೇಡವೆಂದರೂ ಮೂರು ಮಾಳಿಗೆ ಹತ್ತಿದೆ. ಅಣ್ಣ ಇರಲಿಲ್ಲ. ಅವನ ಹೆಂಡತಿ, ನಮ್ಮ ವೈನಿ, ಚಹಾ ಇಟ್ಟಳು, ಚೂಡಾ ಹಾಕಿದ ತಾಟು ಮುಂದಿಟ್ಟಳು. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಕಬ್ಬಿಣದ ಪೆಟ್ಟಿಗೆಗೆ, ಅದೂ ನನ್ನವ್ವನ ಪೆಟ್ಟಿಗೆಗೆ, ಮೀನಿನ ವಾಸನೆ ಎಲ್ಲಿಂದ ಬಂತು ಎಂದು ಕೇಳಿದೆ. ವೈನಿಗೆ ನಾಚಿಕೆಯಾಗಲಿಲ್ಲ, ಸಿಟ್ಟೂ ಬರಲಿಲ್ಲ. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

“ನೀನ ಹೇಳ್ತಿದ್ದೆಲ್ಲವಾ, ಫೋನಿನ್ಯಾಗ. ಇಡೀ ಮನಿ ಮೀನ ನಾರತೈತಿ, ಕಪಾಟಿನ್ಯಾಗಿನ ಸೀರಿ ಸೈತ ನಾರತಾವು, ಉಟ್ಕೊಳ್ಳಾಕ ಹೇಸಿಗಿ ಬರತೈತಿ ಅಂತ. ಎಷ್ಟ ಸಲ ನಗಿಸೀದಿ ನನ್ನ! ಅದನ್ನ ನಾನು ನಿಮ್ಮನಿಯವರಿಗೆ ಹೇಳಿದೆ. ಬ್ಯಾರೇ ಏನ್ ಅಂದಿಲ್ಲ ನೋಡು.”

ಹೇಳಿದ್ದೆ. ವಾರಕ್ಕೊಮ್ಮೆಯಾದರೂ ಹೇಳಿದ್ದೆ. ಮುರಿದು ಕೂಡಿದ ತವರಿನ ಜೊತೆ ಮಾತಾಡಲು ನನ್ನ ಹತ್ತಿರ ಇದ್ದದ್ದೇ ಆ ಒಂದು ವಿಷಯ. ಗಂಡನ ಮೈವಾಸನೆಯನ್ನು ಆಡಿಕೊಂಡಷ್ಟೂ ನಾನು ಇನ್ನೂ ನಿಮ್ಮವಳೇ ಎಂದು ಅವರಿಗೆ ತೋರಿಸಿದಂತಾಗುತ್ತಿತ್ತು. ನನ್ನ ಸೀರೆಗಳು ಯಾವತ್ತೂ ನಾರಿರಲಿಲ್ಲ, ಅದು ನಾನು ಉಪ್ಪುಖಾರ ಹಚ್ಚಿ ಹೇಳಿದ್ದು. ವೈನಿಯ ಚಹಾ ಅರ್ಧಕ್ಕೆ ಬಿಟ್ಟು ಎದ್ದೆ. ಇಷ್ಟಕ್ಕೇ ಎದ್ದು ಹೋಗುವುದೇನಿದೆ ಎಂದು ಅವಳು ಕೇಳಿದಳು.

ಮನೆಗೆ ಬಂದಾಗ ಇವರು ಹಾಸಿಗೆಯಲ್ಲಿ ಎದ್ದು ಕೂತು, ಕಾಲಿನ ಪಟ್ಟಿಯನ್ನು ತಾವೇ ಬಿಚ್ಚಲು ಹೆಣಗುತ್ತಿದ್ದರು. ನಾನು ಕೂತು ಬಿಚ್ಚಿದೆ. ಗಾಯ ತೊಳೆದೆ. ಕೀವಿನ ವಾಸನೆಗೆ ಅವರು ಮುಖ ಆ ಕಡೆ ತಿರುಗಿಸಿಕೊಂಡರು, ನಾನು ತಿರುಗಿಸಲಿಲ್ಲ.

“ವೈನಿ ಮನಿಗೆ ಹೋಗಿದ್ದೆ,” ಎಂದೆ.

ಅವರು, “ಯಾಕೆ ಹೋದದ್ದು ಮಾರಾಯ್ತಿ, ಮುಗಿದದ್ದಲ್ವಾ ಅದು,” ಎಂದರು.

“ಅವತ್ತ ಅಕಿ ಬಾಗಲದಾಗ ಹಂಗ ಅಂದಾಗ ನೀವು ಏನಂದ್ರಿ?”

“ಎಂತ ಹೇಳುದು?” ಅವರ ದನಿಯಲ್ಲಿ ದೂರು ಇರಲಿಲ್ಲ. “ಅವರದ್ದು ಅಲ್ಲ ಆ ಮಾತು, ನಿಂದೇ ಅಂತ ಗೊತ್ತಾಯ್ತು. ನೀನು ಹೇಳುವ ಹಾಗೇ ಹೇಳಿದ್ರು, ಮೂಗು ಹಿಡ್ಕೊಂಡು, ನಗಾಡಿಕೊಂಡು.”

ನಾನು ಹೊಸ ಪಟ್ಟಿ ಕಟ್ಟಿ ಮುಗಿಸಿದೆ. ಆಮೇಲೆ ಎದ್ದು ಬಚ್ಚಲಿಗೆ ಹೋಗಿ, ಕೈ ತೊಳೆಯುವ ಮೊದಲು ಬಾಯಿ ಮುಕ್ಕಳಿಸಿದೆ.